ನಾಲ್ವಡಿ ಕೃಷ್ಣರಾಜ ಒಡೆಯರು: ನಗರ, ವಿದ್ಯೆ ಮತ್ತು ಪ್ರಾತಿನಿಧ್ಯ

1884ರ ಜೂನ್ 4ರಂದು ಜನಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ತಂದೆಯವರ ಅಕಾಲಮರಣದಿಂದಾಗಿ ಎಳವೆಯಲ್ಲಿಯೇ ಪಟ್ಟಕ್ಕೆ ಬಂದರು. ತಾಯಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ತರುವಾಯ 1902ರಲ್ಲಿ ಪೂರ್ಣಾಧಿಕಾರ ವಹಿಸಿಕೊಂಡರು. 1903ರಲ್ಲಿ ರಚಿತವಾದ ನಗರಾಭಿವೃದ್ಧಿ ಮಂಡಲಿಯು ಮೈಸೂರಿನ ಯೋಜಿತ ವಿಸ್ತರಣೆಗೆ ನಾಂದಿಯಾಯಿತು. ಕೆಸರೆಯಂತಹ ಅಂಚಿನ ಗ್ರಾಮಗಳು ಕಾಲಾನಂತರದಲ್ಲಿ ನಗರದೊಳಗೆ ಸೇರಿದವು. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು.

ಆದರೆ ವಿದ್ಯೆ, ಉದ್ಯೋಗಗಳು ಕೆಲವೇ ವರ್ಗಗಳ ಪಾಲಾಗಿದ್ದವು. ಇದರ ಪರಿಹಾರಕ್ಕಾಗಿ 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಲಾಯಿತು. ಅರ್ಹತೆಯೇ ಮಾನದಂಡವಾಗಬೇಕೆಂಬ ನಿಲುವಿನ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ತೊರೆದರು. ಸಮರ್ಥ ದಿವಾನರನ್ನು ಕಳೆದುಕೊಂಡರೂ ಅರಸರು ಹಿಂದೆ ಸರಿಯಲಿಲ್ಲ. ಸಮಿತಿಯ ಶಿಫಾರಸುಗಳನ್ನು ಆಧರಿಸಿ 1921ರಲ್ಲಿ ಆದೇಶ ಹೊರಟಿತು. 1940ರ ಆಗಸ್ಟ್ 3ರಂದು ಅವರು ನಿಧನರಾದರು. ಕರ್ನಾಟಕದ ಮೀಸಲಾತಿ ನೀತಿಯ ಚಾರಿತ್ರಿಕ ತಳಹದಿಯನ್ನು ಆ ಆದೇಶದಲ್ಲಿ ಗುರುತಿಸಬಹುದಾಗಿದೆ.