ಕೈಗೂ ಅಕ್ಷರಕ್ಕೂ ನಂಟು ಬೆಸೆದ ಡಾ. ಜಾಕಿರ್ ಹುಸೇನ್

ಹೈದರಾಬಾದಿನಲ್ಲಿ ದುಡಿದು ಬಾಳುವ ನಮ್ಮವರಲ್ಲಿ ಬೇಗಂ ಬಜಾರನ್ನು ಕಾಣದವರು ವಿರಳ. ಹೋಟೆಲಿಗೆ ಬೇಕಾಗುವ ಪಾತ್ರೆ ಪರಡಿ, ಮೆಣಸಿನಕಾಯಿ, ಗೋಡಂಬಿ, ದ್ರಾಕ್ಷಿಗಳನ್ನು ಸಗಟಾಗಿ ಕೊಳ್ಳಲು ಹೋಗತಕ್ಕ ಸ್ಥಳವೇ ಅದು. ಆ ಇಕ್ಕಟ್ಟಾದ ಬೀದಿಗಳ ಕಡೆಯಲ್ಲಿ ಒಂದು ಕಾಲಕ್ಕೆ ಫಿದಾ ಹುಸೇನ್ ಖಾನರೆಂಬ ವಕೀಲರ ಮನೆಯಿದ್ದಿತು. ಉತ್ತರ ಹಿಂದೂಸ್ಥಾನದ ಕಾಯಂಗಂಜದ ಪಠಾಣ ಮನೆತನದ ಇವರು, ನಮ್ಮ ಅನೇಕ ವಾಚಕರಂತೆಯೇ, ಉದ್ಯೋಗವನ್ನು ಅರಸಿಕೊಂಡು ಈ ನಗರಕ್ಕೆ ಬಂದವರು. ಇಲ್ಲಿ ಕಾನೂನು ಓದಿ, ಕಾನೂನಿನ ಪತ್ರಿಕೆಯೊಂದನ್ನು ಹೊರಡಿಸಿ, ಹೆಸರನ್ನೂ ಹಣವನ್ನೂ ಸಂಪಾದಿಸಿದರು. ಅವರ ಏಳು ಮಂದಿ ಗಂಡುಮಕ್ಕಳಲ್ಲಿ ಮೂರನೆಯವರು 1897ನೆಯ ಇಸವಿ ಫೆಬ್ರುವರಿ 8ರಂದು ಜನಿಸಿದರು. ಇವರೇ ಮುಂದೆ ಭಾರತದ ಮೂರನೆಯ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನರು.

ರಾಷ್ಟ್ರಪತಿ ಭವನದ ವೈಭವವನ್ನು ವರ್ಣಿಸಲು ನಾವು ಲೇಖನಿ ಹಿಡಿದಿಲ್ಲ. ಉಪಾಧ್ಯಾಯನಾಗತಕ್ಕವನು ಪುಸ್ತಕದೊಡನೆ ಒಂದು ಕೈಕಸುಬನ್ನೂ ಕಲಿತಿರಬೇಕು, ಆ ಕಸುಬಿನ ಮೂಲಕವೇ ಮಕ್ಕಳಿಗೆ ಗಣಿತ, ಭೂಗೋಳ, ಚರಿತ್ರೆಗಳನ್ನು ಹೇಳಿಕೊಡಬೇಕು ಎಂದು ಈ ದೇಶದಲ್ಲಿ ಪಾಠಕ್ರಮವನ್ನೇ ರಚಿಸಿಕೊಟ್ಟ ಮಹನೀಯರು ಇವರು. ಕೈಯಿಂದ ದುಡಿಯುವವನು ಅನಕ್ಷರಸ್ಥ, ಅಕ್ಷರ ಬಲ್ಲವನು ಕೈ ಕೊಳೆ ಮಾಡಿಕೊಳ್ಳಬಾರದು ಎಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರಿರುವುದನ್ನು ಹೋಟೆಲಿನ ಅಡಿಗೆಮನೆಯಲ್ಲಿ ನಿಂತವನೂ ಕಛೇರಿಯ ಮೇಜಿನ ಮುಂದೆ ಕುಳಿತವನೂ ಚೆನ್ನಾಗಿ ಬಲ್ಲರು. ಈ ಭಾವನೆಯೊಡನೆ ಜಾಕಿರ್ ಹುಸೇನರು ಹೂಡಿದ ಹೋರಾಟವೇ ಇಲ್ಲಿ ನಮಗೆ ಮುಖ್ಯ.

ಬಾಲ್ಯದ ಸುಖ ಅವರಿಗೆ ಬಹುಕಾಲ ದಕ್ಕಲಿಲ್ಲ. 1907ರಲ್ಲಿ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಕಾಯಂಗಂಜಕ್ಕೆ ಹಿಂತಿರುಗಿದರು. ಬಾಲಕನು ಇಟಾವಾದ ಶಾಲೆಯಲ್ಲಿ ಓದುತ್ತಿರುವಾಗಲೇ, 1911ರಲ್ಲಿ, ಪ್ಲೇಗು ಮಾರಿಯು ತಾಯಿಯನ್ನೂ ಕೊಂಡೊಯ್ದಿತು. ಹದಿನಾಲ್ಕನೆಯ ವಯಸ್ಸಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಈ ಹುಡುಗ ಅಲೀಘಡದ ಕಾಲೇಜನ್ನು ಸೇರಿದ. 1920ರಲ್ಲಿ ಗಾಂಧೀಜಿಯವರು ಅಲೀಘಡಕ್ಕೆ ಬಂದು, ಸರಕಾರದ ನೆರವಿನಿಂದ ನಡೆಯುವ ವಿದ್ಯಾಸಂಸ್ಥೆಗಳನ್ನು ತ್ಯಜಿಸಿರೆಂದು ಕರೆಯಿತ್ತಾಗ, ಎಂ. ಎ. ತರಗತಿಯಲ್ಲಿದ್ದ ಜಾಕಿರ್ ಹುಸೇನರು ಕೆಲವು ಗೆಳೆಯರೊಡನೆ ಹೊರಬಿದ್ದರು. ಆ ವರ್ಷದ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಎಂಬ ರಾಷ್ಟ್ರೀಯ ವಿದ್ಯಾಪೀಠವು ಹುಟ್ಟಿತು.

1922ರಲ್ಲಿ ಅವರು ಜರ್ಮನಿಗೆ ತೆರಳಿದರು. ಬರ್ಲಿನ್ನಿನಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವೆರ್ನರ್ ಜೊಂಬಾರ್ಟರ ಬಳಿ ವ್ಯಾಸಂಗ ಮಾಡಿ, ಬ್ರಿಟಿಷ್ ಭಾರತದ ವ್ಯವಸಾಯ ವ್ಯವಸ್ಥೆಯ ವಿಷಯವಾಗಿ ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಗಳಿಸಿದರು. ಆದರೆ ಪದವಿಗಿಂತಲೂ ನಮಗೆ ಹೆಚ್ಚು ರುಚಿಸುವ ಸಂಗತಿ ಬೇರೊಂದಿದೆ. ಬರ್ಲಿನ್ನಿನಲ್ಲಿ ಪಾರಸಿ ಅಕ್ಷರಗಳ ಮೊಳೆಗಳಿದ್ದ ಕಾವಿಯಾನಿ ಎಂಬ ಮುದ್ರಣಾಲಯವಿದ್ದಿತು. ಮಿರ್ಜಾ ಗಾಲಿಬನ ಕವಿತಾಸಂಗ್ರಹವನ್ನು ಅಚ್ಚುಕಟ್ಟಾಗಿ ಮುದ್ರಿಸಬೇಕೆಂಬ ಹಂಬಲ ಈ ವಿದ್ಯಾರ್ಥಿಗೆ. ಅದಕ್ಕಾಗಿ ಮೊಳೆ ಜೋಡಿಸುವ ಕೆಲಸವನ್ನು ತಾವೇ ಕಲಿತು, ಮುದ್ರಣಾಲಯದ ಕೆಲಸಗಾರರ ಪಕ್ಕದಲ್ಲಿ ನಿಂತು, ಪುಸ್ತಕದ ಕೆಲಭಾಗವನ್ನು ಸ್ವಹಸ್ತದಿಂದ ಜೋಡಿಸಿದರು. ಡಾಕ್ಟರ್ ಪದವಿಗೆ ಓದುತ್ತಿದ್ದವರು ಬೆರಳಿಗೆ ಮಸಿ ಹತ್ತಿಸಿಕೊಂಡು ಕಂಪೋಜಿಟರ್ ಕೆಲಸ ಮಾಡಿದುದು ಮುಂದಿನ ಅವರ ಬಾಳಿಗೆಲ್ಲ ಮುನ್ನುಡಿಯಂತಿದೆ.

ಜರ್ಮನಿಯಲ್ಲಿ ಅವರ ಮನಸ್ಸನ್ನು ಸೆಳೆದವರಲ್ಲಿ ಮ್ಯೂನಿಕ್ ನಗರದ ಶಿಕ್ಷಣತಜ್ಞ ಗೇಯೋರ್ಗ್ ಕೆರ್ಷೆನ್‌ಸ್ಟೈನರರು ಪ್ರಮುಖರು. ಕೆಲಸದ ಮೂಲಕ ಕಲಿಸುವ ಶಾಲೆಯ ತತ್ತ್ವವನ್ನು ವಿವರಿಸಲು ಅವರು ಹಕ್ಕಿಗೂಡಿನ ಉದಾಹರಣೆಯನ್ನು ಕೊಡುತ್ತಿದ್ದರು. ಹುಡುಗನೊಬ್ಬ ಹಲಗೆಗಳಿಂದ ಹಕ್ಕಿಗೊಂದು ಪೆಟ್ಟಿಗೆಯನ್ನು ಮಾಡಬೇಕು. ಮೊದಲು ಯೋಚಿಸಿ ನಕ್ಷೆ ಹಾಕಬೇಕು, ಅಳೆಯಬೇಕು, ಕೊಯ್ಯಬೇಕು, ಜೋಡಿಸಬೇಕು. ಅಳತೆ ತಪ್ಪಿದರೆ ಉಪಾಧ್ಯಾಯನು ಬೆತ್ತ ಎತ್ತುವ ಅಗತ್ಯವಿಲ್ಲ, ಕೂಡದ ಹಲಗೆಯೇ ಅವನ ತಪ್ಪನ್ನು ತೋರಿಸುತ್ತದೆ. ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುವ ಈ ಅಭ್ಯಾಸದಲ್ಲಿ ಬುದ್ಧಿಯೂ ಶೀಲವೂ ಒಟ್ಟಿಗೆ ಬೆಳೆಯುತ್ತವೆ ಎಂಬುದು ಅವರ ಸಿದ್ಧಾಂತ. ಇದನ್ನು ತಿಳಿಯಲು ನಮ್ಮ ಹೋಟೆಲ್ ಬಂಧುಗಳಿಗೆ ಜರ್ಮನ್ ಗ್ರಂಥಗಳ ಅವಶ್ಯಕತೆಯಿಲ್ಲ. ದೋಸೆ ಹೊಯ್ಯುವವನಿಗೆ ಕಾವಲಿಯೇ ಪರೀಕ್ಷಕ.

ಇತ್ತ ಜಾಮಿಯಾ ಸಂಸ್ಥೆಯು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತು. ತಾವೂ ಕೆಲವು ಮಿತ್ರರೂ ಸಂಸ್ಥೆಗಾಗಿ ಬಾಳನ್ನು ಮುಡಿಪಾಗಿಡಲು ಸಿದ್ಧರಿದ್ದೇವೆ, ಮುಚ್ಚಬೇಡಿರಿ ಎಂದು ಅವರು ಬರ್ಲಿನ್ನಿನಿಂದ ತಿಳಿಸಿದರು. 1926ರಲ್ಲಿ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬರೊಡನೆ ಹಿಂತಿರುಗಿ, ಇಪ್ಪತ್ತೊಂಬತ್ತರ ಎಳೆಯ ವಯಸ್ಸಿನಲ್ಲಿ, ಅಷ್ಟರೊಳಗೆ ದೆಹಲಿಗೆ ಬಂದಿದ್ದ ಆ ವಿದ್ಯಾಪೀಠದ ಕುಲಪತಿಯ ಭಾರವನ್ನು ಹೊತ್ತರು. 1927ರ ಕೊನೆಯಲ್ಲಿ ಪೋಷಕರಾದ ಹಕೀಂ ಅಜಮಲ್ ಖಾನರೂ ತೀರಿಕೊಂಡಾಗ ಸಂಸ್ಥೆಗೆ ಗತಿಯಿಲ್ಲದಂತಾಯಿತು. ಆಗ ಅಧ್ಯಾಪಕರು ಒಂದು ಸಂಘವನ್ನು ರಚಿಸಿಕೊಂಡು, ಇಪ್ಪತ್ತು ವರ್ಷಗಳ ಕಾಲ ತಿಂಗಳಿಗೆ 150 ರೂಪಾಯಿಗೆ ಮೀರದ ಸಂಬಳದಲ್ಲಿ ದುಡಿಯುವುದಾಗಿ ಪ್ರತಿಜ್ಞೆ ಮಾಡಿದರು. ಅದು ಪ್ರತಿಜ್ಞೆಯ ಮಿತಿ ಮಾತ್ರ. ಕೈಗೆ ಬರುತ್ತಿದ್ದುದು ಅದಕ್ಕಿಂತ ಬಹಳ ಕಡಮೆ, ಅದೂ ಬಂದಾಗ ಬಂದಿತು. ತಿಂಗಳ ಕೊನೆಯ ವಾರವೆಂದರೇನೆಂಬುದನ್ನು ಗುಮಾಸ್ತ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ. ಆ ವಾರವೇ ಇಪ್ಪತ್ತು ವರ್ಷಗಳ ಕಾಲ ನಡೆಯಿತೆಂದು ಭಾವಿಸಿದರೆ ಸಾಕು.

ಆ ಕಾಲದ ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಒಂದು ಬ್ಯಾಂಕನ್ನೂ ಒಂದು ಅಂಗಡಿಯನ್ನೂ ನಡೆಸುತ್ತಿದ್ದರು; ಲೆಕ್ಕದ ಪಾಠ ಅಲ್ಲಿಯೇ ಆಗುತ್ತಿತ್ತು. ಕೊಳಕು ಬೂಟುಗಳಲ್ಲಿ ಬರುವ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿ ಸಾಕಾಗಿ, ಕುಲಪತಿಗಳು ಒಂದು ದಿನ ಬಾಗಿಲಲ್ಲಿ ಬ್ರಷ್ಷು, ಪಾಲಿಷ್ ಹಿಡಿದು ಕುಳಿತರಂತೆ. ಮಕ್ಕಳಿಗೆ ಮಿಠಾಯಿ ಹಂಚುವ ಸಮಾರಂಭವೊಂದರಲ್ಲಿ ಅವರಿದ್ದಾಗ, ಮನೆಯಲ್ಲಿ ಅವರ ಪುಟ್ಟ ಮಗಳು ತೀರಿಕೊಂಡ ಸುದ್ದಿಯನ್ನು ಜವಾನನು ಬಂದು ಕಿವಿಯಲ್ಲಿ ಹೇಳಿದ. ಅವರು ಮುಖದಲ್ಲಿ ಏನನ್ನೂ ತೋರಗೊಡದೆ ಹಂಚುವುದನ್ನು ಮುಂದುವರಿಸಿದರು. ವಿಷಯ ತಿಳಿದ ಮೇಲೆ ಸುತ್ತಲಿನವರು ಬೆರಗಾದರು. ಮಕ್ಕಳ ಸಂತೋಷವನ್ನು ನಡುವೆಯೇ ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ. ಆದರೆ ಅನಂತರ ಎಷ್ಟೋ ದಿನಗಳವರೆಗೆ ಮುಂಜಾನೆ ಅವರ ತಲೆದಿಂಬು ಒದ್ದೆಯಾಗಿರುತ್ತಿತ್ತೆಂಬುದನ್ನು ಅವರ ಪತ್ನಿ ಬಲ್ಲವರಾಗಿದ್ದರು.

ಈಗ ವಾರ್ಧಾಕ್ಕೆ ಬರೋಣ. 1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಶಿಕ್ಷಣವನ್ನು ಒಂದು ಕೈಕಸುಬಿನ ಮೂಲಕ ಕೊಡಬೇಕು, ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದ ಉಪಾಧ್ಯಾಯರ ಸಂಬಳ ಹುಟ್ಟಬೇಕು ಎಂಬುದು ಗಾಂಧೀಜಿಯವರ ಸೂಚನೆ. ಸಭೆಯಲ್ಲಿದ್ದವರು ತಲೆದೂಗುತ್ತಿದ್ದಾಗ ಜಾಕಿರ್ ಹುಸೇನರು ಎದ್ದು ವಿನಯದಿಂದ, ಆದರೆ ಅಳುಕದೆ, ತಮ್ಮ ಭಿನ್ನಾಭಿಪ್ರಾಯವನ್ನು ಹೇಳಿದರು. ಕೆಲಸದ ಮೂಲಕ ಕಲಿಸುವ ತತ್ತ್ವ ಹೊಸದಲ್ಲ, ಜಗತ್ತಿನ ಇತರ ಕಡೆಗಳಲ್ಲಿಯೂ ಅದು ನಡೆದಿದೆ ಎಂದರು. ಸ್ವಾವಲಂಬನೆಗೇ ಅತಿಯಾದ ಒತ್ತು ಕೊಟ್ಟರೆ ಉಪಾಧ್ಯಾಯನು ಬಡ ಮಕ್ಕಳಿಂದ ದುಡಿಸಿಕೊಳ್ಳುವ ಯಜಮಾನನಾದಾನು ಎಂದು ಎಚ್ಚರಿಸಿದರು. ಹತ್ತು ವರ್ಷದ ಹುಡುಗರು ಊರು ಬಿಟ್ಟು ಬಂದು ನಡುರಾತ್ರಿಯವರೆಗೆ ಕಪ್ಪು ಬಸಿಗಳನ್ನು ತೊಳೆಯುತ್ತಿದ್ದ ಹೋಟೆಲುಗಳನ್ನು ಕಂಡ ನಮಗೆ ಈ ಎಚ್ಚರಿಕೆಯ ತೂಕ ತಿಳಿಯುತ್ತದೆ. ಅದೂ ಕೈಕೆಲಸವೇ, ಆದರೆ ಅದನ್ನು ಯಾರೂ ಶಿಕ್ಷಣವೆನ್ನಲಾರರು.

ಗಾಂಧೀಜಿಯವರ ದೊಡ್ಡತನವನ್ನು ಇಲ್ಲಿ ನೋಡಬೇಕು. ಪಾಠಕ್ರಮವನ್ನು ರಚಿಸುವ ಸಮಿತಿಗೆ, ತಮ್ಮ ಮಾತನ್ನು ವಿಮರ್ಶಿಸಿದ ಈ ಜಾಕಿರ್ ಹುಸೇನರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ವಿನೋಬಾ, ಕಾಕಾ ಕಾಲೇಲ್ಕರ್, ಜೆ. ಸಿ. ಕುಮಾರಪ್ಪ, ಕೆ. ಜಿ. ಸೈಯದೈನ್, ಕೆ. ಟಿ. ಷಾ ಮೊದಲಾದವರು ಸದಸ್ಯರು, ಆರ್ಯನಾಯಕಂ ಅವರು ಸಂಚಾಲಕರು. ಸಮಿತಿಯು ಡಿಸೆಂಬರ್ 2ರಂದೇ ವರದಿಯನ್ನು ಒಪ್ಪಿಸಿತು. 1938ರ ಹರಿಪುರ ಕಾಂಗ್ರೆಸ್ಸು ಯೋಜನೆಯ ತತ್ತ್ವವನ್ನು ಅಂಗೀಕರಿಸಿತು. ದಿನಕ್ಕೆ ಐದೂವರೆ ಗಂಟೆಗಳ ಶಾಲೆಯಲ್ಲಿ 3 ಗಂಟೆ 20 ನಿಮಿಷ ಮೂಲ ಕಸುಬಿಗೆ ಮೀಸಲು. ಮಾತೃಭಾಷೆಗೆ 40 ನಿಮಿಷ. ಸಂಗೀತ, ಚಿತ್ರಕಲೆ, ಗಣಿತಗಳಿಗೆ ಸೇರಿ 40 ನಿಮಿಷ. ಗಣಿತಕ್ಕೆ ಇಷ್ಟೇ ಹೊತ್ತೆ ಎಂದು ಗಾಬರಿಯಾಗಬೇಕಾಗಿಲ್ಲ. ಗಣಿತದ ಬಹುಭಾಗ ಕಸುಬಿನ ವೇಳೆಯಲ್ಲಿಯೇ ನಡೆಯತಕ್ಕದ್ದು.

ಹಾಗಾದರೆ ಇಡೀ ಯೋಜನೆಯ ಭಾರವೆಲ್ಲ ಉಪಾಧ್ಯಾಯನ ಮೇಲೆ ಬಿದ್ದಿತು. ಆದುದರಿಂದ ಶಿಕ್ಷಕರ ತರಬೇತಿಗೆ ವರದಿಯು ಮೂರು ವರ್ಷಗಳ ಪೂರ್ಣ ಪಾಠಕ್ರಮವನ್ನೂ, ತುರ್ತಿಗಾಗಿ ಒಂದು ವರ್ಷದ ಸಂಕ್ಷಿಪ್ತ ಪಾಠಕ್ರಮವನ್ನೂ ಸೂಚಿಸಿತು. ನೂಲುವಿಕೆಯನ್ನು ಕಲಿಸತಕ್ಕ ಶಿಕ್ಷಕನು ಹತ್ತಿಯನ್ನು ಬೆಳೆಯುವುದು, ಬಿಡಿಸುವುದು, ಬೀಜ ತೆಗೆಯುವುದು, ಹಿಂಜುವುದು, ನೂಲುವುದು, ಚರಕದ ಯಂತ್ರವಿಜ್ಞಾನ, ಇವಿಷ್ಟನ್ನೂ ತಿಳಿದಿರಬೇಕು. ಕೆಟ್ಟ ಚರಕವನ್ನು ರಿಪೇರಿ ಮಾಡುವಷ್ಟು ಬಡಗಿ ಕೆಲಸವೂ ಬರಬೇಕು. ಅದರ ಮೇಲೆ ಅಸಲಾದ ಪರೀಕ್ಷೆ. ಕೈಯಲ್ಲಿರುವ ನೂಲಿನಿಂದ ಪಾಠವನ್ನು ಎಳೆಯಬೇಕು. ಒಂದು ಲಡಿಗೆ 640 ಸುತ್ತು, ಸುತ್ತೊಂದಕ್ಕೆ 4 ಅಡಿ, ಲಡಿಯ ಉದ್ದವೆಷ್ಟು? ಮಗು ತಾನೇ ಸುತ್ತಿದ ನೂಲಾದುದರಿಂದ 2560 ಅಡಿ ಎಂಬ ಉತ್ತರ ಅದಕ್ಕೆ ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಹತ್ತಿ ಬೆಳೆಯುವ ಕರಿಮಣ್ಣು ಭೂಗೋಳವಾಯಿತು. ಕೈಮಗ್ಗದವರ ಬಾಳನ್ನು ಗಿರಣಿಯ ಬಟ್ಟೆ ಕಸಿದುಕೊಂಡ ಕಥೆ ಚರಿತ್ರೆಯಾಯಿತು.

1938ರಲ್ಲಿ ಜಾಮಿಯಾದಲ್ಲಿಯೇ ಉಸ್ತಾದೋಂ ಕಾ ಮದರಸಾ, ಅಂದರೆ ಗುರುಗಳ ಪಾಠಶಾಲೆ, ಆರಂಭವಾಯಿತು. ಓದಿದ ತರುಣರು ಅಲ್ಲಿ ತಕಲಿಯನ್ನೂ ಉಳಿಯನ್ನೂ ಹಿಡಿದರು. ಮುಂಬಯಿ ಪ್ರಾಂತದಲ್ಲಿ ಮರಾಠಿ ಶಿಕ್ಷಕರಿಗೆ ಲೋಣಿಯಲ್ಲಿ, ಗುಜರಾತಿಯವರಿಗೆ ಕತಾರಗಾಂವಿನಲ್ಲಿ ತರಬೇತಿ ಕೇಂದ್ರಗಳು ತೆರೆದಂತೆ ಕನ್ನಡ ಶಿಕ್ಷಕರಿಗೆ ಧಾರವಾಡದಲ್ಲಿ ತೆರೆಯಿತು. ಬೇಗಂ ಬಜಾರಿನ ಬಾಲಕನ ಯೋಚನೆ ಹೀಗೆ ಕನ್ನಡ ನಾಡಿನ ಹಳ್ಳಿಗಳನ್ನೂ ಮುಟ್ಟಿತು. ಶಾಲೆಯಲ್ಲಿ ತಕಲಿ ತಿರುಗಿಸಿದ ನೆನಪುಳ್ಳ ಹಿರಿಯರು ಈಗ ನಮ್ಮಲ್ಲಿ ಕೆಲವರೇ ಉಳಿದಿದ್ದಾರೆ.

ಯೋಜನೆಗೆ ವಿರೋಧವೂ ಕಡಮೆಯಾಗಿರಲಿಲ್ಲ. ಮುಸ್ಲಿಂ ಲೀಗು ಇದನ್ನು ಉಗ್ರವಾಗಿ ಖಂಡಿಸಿತು. ತಮ್ಮವರೇ ತಮ್ಮನ್ನು ಸಂಶಯಿಸಿದುದು ಜಾಕಿರ್ ಹುಸೇನರನ್ನು ನೋಯಿಸಿತು. ಆದರೂ 1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬಕ್ಕೆ ನೆಹರೂ, ಆಜಾದ್, ಜಿನ್ನಾ ಅವರನ್ನು ಒಂದೇ ವೇದಿಕೆಗೆ ಕರೆತಂದು, ದೇಶದಲ್ಲಿ ಹತ್ತಿದ ಬೆಂಕಿಯನ್ನು ಆರಿಸಿರೆಂದು ಬೇಡಿಕೊಂಡರು. ಬೆಂಕಿ ಆರಲಿಲ್ಲ. 1947ರ ಆಗಸ್ಟಿನಲ್ಲಿ ಕಾಶ್ಮೀರದ ಕಡೆಗೆ ಪ್ರಯಾಣ ಮಾಡುತ್ತಿದ್ದ ಅವರೇ ಜಾಲಂಧರ್ ನಿಲ್ದಾಣದಲ್ಲಿ ಕೊಲೆಗಡುಕರ ಕೈಗೆ ಸಿಕ್ಕಿ, ಒಬ್ಬ ಸಿಖ್ ಸೈನ್ಯಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರನ ನೆರವಿನಿಂದ ಬದುಕಿ ಉಳಿದರು.

ಮುಂದಿನ ಪದವಿಗಳನ್ನು ಶೀಘ್ರವಾಗಿ ಹೇಳಿ ಮುಗಿಸುತ್ತೇವೆ. 1948ರಿಂದ 1956ರವರೆಗೆ ಅಲೀಘಡ ವಿಶ್ವವಿದ್ಯಾಲಯದ ಉಪಕುಲಪತಿ, 1957ರಿಂದ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ.

ಬಿಹಾರದಲ್ಲಿದ್ದ ಕಾಲದಲ್ಲಿ ಅವರು ಪಟೇಲ್ ಸ್ಮಾರಕ ಉಪನ್ಯಾಸಗಳನ್ನು ಕೊಟ್ಟರು. ಎಲ್ಲ ಕೆಲಸವೂ ಶಿಕ್ಷಣವಲ್ಲ, ಯೋಚಿಸಿ ಮಾಡಿ ತಾನೇ ತೂಗಿನೋಡಿದ ಕೆಲಸ ಮಾತ್ರ ಶಿಕ್ಷಣ ಎಂಬ ತಮ್ಮ ಹಳೆಯ ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಮೂಲಶಿಕ್ಷಣದ ಹೆಸರಿನಲ್ಲಿ ದೇಶದಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಬರಿಯ ತೋರಿಕೆಯೆಂಬುದನ್ನೂ ಮುಚ್ಚಿಡದೆ ಹೇಳಿದರು. ತಾವೇ ಅಡಿಪಾಯ ಹಾಕಿದ ಮನೆ ಸೊಟ್ಟಗೆ ಎದ್ದಿದೆಯೆಂದು ಒಪ್ಪಿಕೊಳ್ಳುವ ಯಜಮಾನರು ಎಷ್ಟು ಮಂದಿ? ದೋಷವೆಲ್ಲಿತ್ತೆಂಬುದನ್ನು ನಾವು ಊಹಿಸಬಲ್ಲೆವು. ಮೂರು ವರ್ಷ ಕಲಿಯಬೇಕಾದ ಶಿಕ್ಷಕನನ್ನು ಅವಸರದಿಂದ ತಯಾರು ಮಾಡಿ ಕಳುಹಿಸಿದರು. ತನಗೇ ನೂಲು ತೆಗೆಯಲು ಬಾರದವನು ನೂಲಿನಿಂದ ಗಣಿತವನ್ನು ತೆಗೆಯುವುದು ಹೇಗೆ? ತಾಯಿತಂದೆಗಳೂ ತಮ್ಮ ಮಗ ಗುಮಾಸ್ತನಾಗಲಿ, ನೇಕಾರನಾಗುವುದು ಬೇಡ ಎಂದೇ ಬಯಸಿದರು. ಆ ಬಯಕೆಯನ್ನು ಹಳಿಯಲು ನಮಗೆ ಬಾಯಿಲ್ಲ. ನಮ್ಮ ರಾತ್ರಿಶಾಲೆಗಳ ಬೆಂಚುಗಳನ್ನು ತುಂಬಿಸಿದುದೂ ಅದೇ ಬಯಕೆಯಲ್ಲವೆ?

ರಾಷ್ಟ್ರಪತಿಯಾದ ಮೇಲೂ ಅವರು ಗುಲಾಬಿ ಗಿಡಗಳ ಆರೈಕೆಯನ್ನೂ ಬಗೆಬಗೆಯ ಕಲ್ಲುಗಳನ್ನು ಕೂಡಿಡುವ ಹವ್ಯಾಸವನ್ನೂ ಬಿಡಲಿಲ್ಲ. 1969ರ ಏಪ್ರಿಲ್ ಕೊನೆಯಲ್ಲಿ ಅಸ್ಸಾಂ ಪ್ರವಾಸದಿಂದ ಬಳಲಿ ಹಿಂತಿರುಗಿದರು. ಮೇ 3ರ ಬೆಳಗಿನಲ್ಲಿ ರಾಷ್ಟ್ರಪತಿ ಭವನದಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲನೆಯ ರಾಷ್ಟ್ರಪತಿ ಅವರು. ಅವರ ದೇಹವನ್ನು ದೆಹಲಿಯ ಜಾಮಿಯಾದ ಆವರಣಕ್ಕೆ ಒಯ್ದು, ಮಸೀದಿಗೂ ಗ್ರಂಥಾಲಯಕ್ಕೂ ನಡುವಣ ನೆಲದಲ್ಲಿ ಸಮಾಧಿ ಮಾಡಿದರು. 1935ರಲ್ಲಿ ಆ ಓಖಲಾ ಬಯಲಿನಲ್ಲಿ ಜಾಮಿಯಾದ ಕಟ್ಟಡಕ್ಕೆ ಅಸ್ತಿಭಾರದ ಕಲ್ಲನ್ನು ಇಟ್ಟವರು ಯಾವ ನವಾಬರೂ ಅಲ್ಲ, ಮಂತ್ರಿಗಳೂ ಅಲ್ಲ. ಶಾಲೆಯ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಹುಡುಗ.