ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳ ಅಮ್ಮ

ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬಂದವರನ್ನು ಮುಖ್ಯೋಪಾಧ್ಯಾಯ ಮೊದಲು ಕೇಳುವುದು ಹೆಸರು, ಆಮೇಲೆ ಹುಟ್ಟಿದ ತಾರೀಕು. ತಾಳವಾಡಿ ಕಡೆಯ ಹಳ್ಳಿಗಳಲ್ಲಿ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಬರುತ್ತಿರಲಿಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿದ್ದು, ಮಾರಿಹಬ್ಬ ಕಳೆದ ಮೇಲೆ ಹುಟ್ಟಿದ್ದು ಎಂದು ಹೇಳುವವರೇ ಹೆಚ್ಚು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದೆವು. ಮುಟ್ಟಿದರೆ ಐದು ವರ್ಷ ತುಂಬಿದೆ ಎಂದು ಲೆಕ್ಕ. ದಾಖಲಾತಿ ಪುಸ್ತಕದಲ್ಲಿ ಜೂನ್ ತಿಂಗಳ ಒಂದು ತಾರೀಕು ಹಾಕಿ ಮುಗಿಸುತ್ತಿದ್ದೆವು. ಹಾಗೆ ನಾನು ಹುಟ್ಟುಹಬ್ಬ ಕೊಟ್ಟ ಮಕ್ಕಳು ಎಷ್ಟೋ ಮಂದಿ. ಅದರಲ್ಲಿ ನಾನು ಯಾವ ವಿಶೇಷವನ್ನೂ ಕಂಡಿರಲಿಲ್ಲ.

ನಾನು ಕನ್ನಡದಲ್ಲೂ ತಮಿಳಿನಲ್ಲೂ ಓದಿ ಬೆಳೆದವನು. ನಿವೃತ್ತಿಯಾದ ಮೇಲೆ ತಿರುನೆಲ್ವೇಲಿ ಸೀಮೆಯ ಡೋನಾವೂರಿನಲ್ಲಿ ಬಾಳಿದ ಏಮಿ ಕಾರ್‌ಮೈಕಲ್ ಅವರ ಜೀವನವನ್ನು ಓದಿದಾಗ ಈ ದಾಖಲಾತಿ ಪುಸ್ತಕ ಮತ್ತೆ ನೆನಪಾಯಿತು. ಅವರ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ. ಅಂದಾಜಿನ ತಾರೀಕು ಬರೆದು ಮುಗಿಸುವ ನಮ್ಮ ದಾರಿಯನ್ನು ಅವರು ಹಿಡಿಯಲಿಲ್ಲ. ಮಗು ಆ ಮನೆಗೆ ಬಂದ ದಿನವನ್ನೇ ಹಬ್ಬವಾಗಿ ಆಚರಿಸಿದರು. ಹುಟ್ಟಿದ ದಿನ ಯಾರಿಗೂ ಬೇಡವಾಗಿದ್ದ ಮಗುವಿಗೆ, ಬಂದ ದಿನ ಮನೆಯವರೆಲ್ಲರಿಗೂ ಬೇಕಾದ ದಿನವಾಯಿತು.

ಏಮಿ ಹುಟ್ಟಿದ್ದು 1867ರ ಡಿಸೆಂಬರ್ 16ರಂದು, ಐರ್ಲೆಂಡಿನ ಉತ್ತರ ಭಾಗದಲ್ಲಿ ಕಡಲ ದಡದ ಒಂದು ಸಣ್ಣ ಊರಿನಲ್ಲಿ. ಏಳು ಮಕ್ಕಳಲ್ಲಿ ಇವರೇ ಹಿರಿಯರು. ತಂದೆಗೆ ಹಿಟ್ಟಿನ ಗಿರಣಿ ಇತ್ತು. ಮನೆಯಲ್ಲಿ ಪ್ರಾರ್ಥನೆ, ಶಿಸ್ತು ಎರಡೂ ಗಟ್ಟಿ. ಚಿಕ್ಕವಳಿದ್ದಾಗ ತನ್ನ ಕಂದು ಕಣ್ಣನ್ನು ತಾಯಿಯ ಕಣ್ಣಿನಂತೆ ನೀಲಿ ಮಾಡಿಕೊಡು ಎಂದು ದೇವರನ್ನು ಬೇಡಿಕೊಂಡು ಮಲಗಿದ ಹುಡುಗಿ, ಬೆಳಿಗ್ಗೆ ಎದ್ದು ಕನ್ನಡಿ ನೋಡಿ ಅತ್ತಳಂತೆ. ಮುಂದೆ ಸೀರೆ ಉಟ್ಟು ನಮ್ಮವರ ನಡುವೆ ಓಡಾಡುವಾಗ ಆ ಕಂದು ಕಣ್ಣೇ ಉಪಯೋಗಕ್ಕೆ ಬಂತು.

ತಂದೆ 1885ರಲ್ಲಿ ತೀರಿಕೊಂಡರು. ಮನೆಯ ಸ್ಥಿತಿ ಇಳಿದಿತ್ತು. ಬೆಲ್‌ಫಾಸ್ಟ್ ನಗರದಲ್ಲಿ ನೂಲಿನ ಗಿರಣಿಗಳಲ್ಲಿ ದುಡಿಯುವ ಬಡ ಹುಡುಗಿಯರನ್ನು ಸೇರಿಸಿ ಏಮಿ ಪ್ರಾರ್ಥನೆ, ಪಾಠ ನಡೆಸತೊಡಗಿದರು. ಟೋಪಿ ಕೊಳ್ಳಲಾಗದೆ ತಲೆಗೆ ಶಾಲು ಹೊದ್ದು ಬರುತ್ತಿದ್ದ ಆ ಹುಡುಗಿಯರನ್ನು ಕಂಡರೆ ಚರ್ಚಿನ ದೊಡ್ಡವರು ಮುಖ ಸಿಂಡರಿಸುತ್ತಿದ್ದರು. ಅವರಿಗಾಗಿಯೇ ತಗಡಿನ ಒಂದು ಸಭಾಂಗಣ ಎದ್ದು ನಿಂತಿತು. ಆಮೇಲೆ ರಾಬರ್ಟ್ ವಿಲ್ಸನ್ ಎಂಬ ವಯಸ್ಸಾದ ಧರ್ಮಿಷ್ಠರು ಏಮಿಯನ್ನು ತಮ್ಮ ಮನೆಗೆ ಕರೆದುಕೊಂಡು ಮಗಳಂತೆ ಇಟ್ಟುಕೊಂಡರು. ಏಮಿ ಅವರ ಹೆಸರನ್ನೂ ತಮ್ಮ ಹೆಸರಿನ ನಡುವೆ ಸೇರಿಸಿಕೊಂಡರು. ಸಾಕುಮಕ್ಕಳ ತಾಯಿಯಾಗುವ ಮೊದಲು ಅವರೇ ಒಂದು ಮನೆಯ ಸಾಕುಮಗಳಾಗಿದ್ದರು.

ಬೆಂಗಳೂರು, ನೀಲಗಿರಿ, ತಮಿಳು

1893ರಲ್ಲಿ ಜಪಾನಿಗೆ ಹೋದರು. ಆರೋಗ್ಯ ಕೆಟ್ಟು ಅಲ್ಲಿ ಬಹಳ ಕಾಲ ನಿಲ್ಲಲಾಗಲಿಲ್ಲ. 1895ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂದಿಳಿದರು. ಬಂದಾಗಲೇ ಡೆಂಗಿ ಜ್ವರ. ದಂಡು ಪ್ರದೇಶದಲ್ಲಿ ತಮಿಳರು ಹೆಚ್ಚಾಗಿದ್ದುದರಿಂದ ತಮಿಳು ಕಲಿಕೆ ಬೆಂಗಳೂರಿನಲ್ಲೇ ಮೊದಲಾಯಿತು. ಆದರೆ ಬಂಗಲೆಯಲ್ಲಿ ಇಂಗ್ಲಿಷಿನವರ ಜತೆ ಚಹಾ ಕುಡಿಯುತ್ತ ಕುಳಿತರೆ ತಮಿಳು ನಾಲಿಗೆಗೆ ಬಾರದು ಎಂದು ಅವರಿಗೆ ಬೇಗ ತಿಳಿಯಿತು. ಆ ಭಾಷೆ ಆಡುವ ಜನರ ನಡುವೆಯೇ ಗುಡಿಸಲು ಹಾಕಿಕೊಂಡಿರಬೇಕು ಎಂಬ ಹಂಬಲ ಹುಟ್ಟಿತು. ನೀಲಗಿರಿಗೆ ಹೋದಾಗ ಥಾಮಸ್ ವಾಕರ್ ಎಂಬ ಮಿಷನರಿಯ ಪರಿಚಯವಾಯಿತು. ಅವರು ತಮಿಳಿನಲ್ಲಿ ಪಳಗಿದವರು. ವಾಕರ್ ದಂಪತಿಯ ಆಸರೆಯಲ್ಲಿ 1896ರ ಕೊನೆಗೆ ಏಮಿ ತಿರುನೆಲ್ವೇಲಿ ಸೀಮೆಗೆ ಬಂದರು. ಅಲ್ಲಿಂದ ಅವರು ಹುಟ್ಟೂರಿಗೆ ಮರಳಲೇ ಇಲ್ಲ. ಒಟ್ಟು 55 ವರ್ಷ ಈ ನೆಲದಲ್ಲೇ ಕಳೆದರು.

ಭಾಷೆ ಕಲಿಯುವುದು ಅವರಿಗೆ ಸಲೀಸಾಗಿರಲಿಲ್ಲ. ತಮಿಳಿನ ಳ, ಱ, ೞ ಬೇರೆಯವರ ನಾಲಿಗೆಯನ್ನು ಎಷ್ಟು ಕಾಡುತ್ತವೆ ಎಂಬುದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮಗೆ ಗೊತ್ತು. ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ, ಹೆಂಗಸರ ಜತೆ ನೆಲದ ಮೇಲೆ ಕುಳಿತು ಮಾತಾಡುತ್ತ ಅವರು ತಮಿಳನ್ನು ತಮ್ಮದು ಮಾಡಿಕೊಂಡರು. ಪೊನ್ನಮ್ಮಾಳ್ ಎಂಬ ಎಳೆಯ ವಿಧವೆ ಅವರ ಜತೆಗಾರ್ತಿಯಾದರು.

ಓಡಿ ಬಂದ ಹುಡುಗಿ

1901ರ ಮಾರ್ಚ್ ತಿಂಗಳಲ್ಲಿ ಏಳು ವರ್ಷದ ಪ್ರೀನಾ ಎಂಬ ಹುಡುಗಿ ಅವರ ಬಳಿಗೆ ಬಂದಳು. ಅವಳನ್ನು ದೇವಸ್ಥಾನಕ್ಕೆ ಬಿಡಲು ಒಪ್ಪಿಸಲಾಗಿತ್ತು. ಹಿಂದೊಮ್ಮೆ ಓಡಿಹೋಗಿ ಮೈಲುಗಟ್ಟಲೆ ನಡೆದು ತಾಯಿಯ ಮನೆ ಸೇರಿದ್ದಳು. ಅಂಜಿದ ತಾಯಿ ತಿರುಗಿ ಒಪ್ಪಿಸಿದ್ದಳು. ತಪ್ಪಿಸಿಕೊಂಡದ್ದಕ್ಕೆ ಕೈಗೆ ಬರೆ ಹಾಕಿದ್ದರು. ಎರಡನೆಯ ಸಲ ಓಡಿಬಂದವಳು ನೆಟ್ಟಗೆ ಬಂದು ಏಮಿಯ ಮಡಿಲಲ್ಲಿ ಕುಳಿತಳು. ತನಗೆ ಏನೇನಾಗಲಿತ್ತು ಎಂಬುದನ್ನು ಗೊಂಬೆ ಇಟ್ಟುಕೊಂಡು ತೋರಿಸಿದಳು. ಮಕ್ಕಳನ್ನು ಸಾಕಬೇಕೆಂದು ಏಮಿ ಇಂಡಿಯಾಕ್ಕೆ ಬಂದವರಲ್ಲ, ಊರೂರಿಗೆ ಹೋಗಿ ಧರ್ಮ ಸಾರಲು ಬಂದವರು. ಆ ದಿನದಿಂದ ದಾರಿಯೇ ತಿರುಗಿತು.

ಅದೇ ವರ್ಷ ಡೋನಾವೂರಿನಲ್ಲಿ ನೆಲೆಸಿದರು. ಮೂರು ವರ್ಷದಲ್ಲಿ ಮಕ್ಕಳು ಹದಿನೇಳಾದರು. 1904ರಿಂದ ಹಸುಗೂಸುಗಳೂ ಬರತೊಡಗಿದವು. ಹಾಲು ಹೊಂದಿಸುವುದು, ರಾತ್ರಿ ಎದ್ದು ಕೂರುವುದು, ಬಟ್ಟೆ ಒಗೆಯುವುದು, ಉಗುರು ಕತ್ತರಿಸುವುದು. ಇದೆಲ್ಲ ಆಯಾ ಮಾಡುವ ಕೆಲಸ, ಧರ್ಮದ ಕೆಲಸವಲ್ಲ ಎಂದು ಮೂಗು ಮುರಿದವರಿದ್ದರು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಏಮಿ ಆ ಕೆಲಸಕ್ಕೆ ಕೈ ಹಾಕಿದರು. ಹತ್ತಿರ ಆಸ್ಪತ್ರೆಯಿಲ್ಲದೆ ನೆಯ್ಯೂರಿನಲ್ಲಿ ಶಿಶುಗಳಿಗೊಂದು ಮನೆ ಮಾಡಿದರು. ಪೊನ್ನಮ್ಮಾಳ್ ಅದನ್ನು ನೋಡಿಕೊಂಡರು. ಅಷ್ಟಾದರೂ ಹಲವು ಕೂಸುಗಳು ಕಾಯಿಲೆಯಿಂದ ಹೋದವು. 1912ರಲ್ಲಿ ವಾಕರ್ ತೀರಿಕೊಂಡರು. 1913ರಲ್ಲಿ ತಾಯಿಯೂ ಇಲ್ಲವಾದರು. ಆಗ ಮನೆಯಲ್ಲಿದ್ದ ಮಕ್ಕಳು ನೂರಕ್ಕೂ ಹೆಚ್ಚು.

ಎಲ್ಲವೂ ನೇರ ದಾರಿಯಲ್ಲಿ ನಡೆಯಿತು ಎಂದೂ ಹೇಳಲಾರೆ. ಮುತ್ತಮ್ಮಾಳ್ ಎಂಬ ಹುಡುಗಿಯ ವಿಚಾರದಲ್ಲಿ ವ್ಯಾಜ್ಯ ನಡೆದು, ಮಗುವನ್ನು ಮರಳಿ ಒಪ್ಪಿಸಬೇಕೆಂದು 1911ರಲ್ಲಿ ಕೋರ್ಟಿನ ತೀರ್ಪಾಯಿತು. ಅಷ್ಟರಲ್ಲಿ ಹುಡುಗಿ ಕಾಣೆಯಾಗಿದ್ದಳು. ಆಪ್ತರು ಅವಳನ್ನು ಗುಟ್ಟಾಗಿ ಸಮುದ್ರದಾಚೆ ಚೀನಾಕ್ಕೆ ಮುಟ್ಟಿಸಿದ್ದರು. ವರ್ಷಗಳ ಮೇಲೆ ಬೆಳೆದು ತಿರುಗಿ ಬಂದಳು. ಕಾನೂನಿನ ಕಣ್ಣಿಗೆ ಇದು ತಪ್ಪು, ಮಗುವಿನ ಕಣ್ಣಿಗೆ ಬಿಡುಗಡೆ. ಏಮಿ ಈ ಮಕ್ಕಳನ್ನೆಲ್ಲ ಕ್ರೈಸ್ತರನ್ನಾಗಿಯೇ ಬೆಳೆಸಿದರು. ಅದನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ.

ಗಂಡುಮಕ್ಕಳು ಬಂದದ್ದು

ದೇವಸ್ಥಾನಕ್ಕೆ ಬಿಡುವ ಹೆಣ್ಣುಮಕ್ಕಳ ಕಷ್ಟ ಜನರಿಗೆ ಗೊತ್ತಿತ್ತು. ಗಂಡುಮಕ್ಕಳನ್ನೂ ಚಿಕ್ಕಂದಿನಲ್ಲೇ ನಾಟಕದ ಕಂಪನಿಯವರು ಕೊಂಡು ಒಯ್ಯುತ್ತಿದ್ದರು, ಅಲ್ಲಿ ಅವರೂ ಕೆಟ್ಟ ಬಳಕೆಗೆ ಬೀಳುತ್ತಿದ್ದರು ಎಂಬುದು ಏಮಿಗೆ ನಿಧಾನವಾಗಿ ತಿಳಿಯಿತು. ಆದರೆ ಗಂಡುಮಕ್ಕಳನ್ನು ಸಾಕುವುದು ಹೇಗೆ? ಮನೆ ತುಂಬ ಹೆಂಗಸರು, ಹೆಣ್ಣುಮಕ್ಕಳು. ಬೇರೆ ಜಾಗ ಬೇಕು, ಕಟ್ಟಡ ಬೇಕು, ಬೆಳೆದ ಹುಡುಗರನ್ನು ತಿದ್ದಲು ಗಂಡಸರು ಬೇಕು. ಇದ್ಯಾವುದೂ ಇರಲಿಲ್ಲ.

1918ರ ಜನವರಿಯಲ್ಲಿ ಒಂದು ಸಂಜೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಹೆಣ್ಣುಕೂಸು ಇರಬೇಕೆಂದು ಎತ್ತಿಕೊಂಡು ನೋಡಿದರೆ ಗಂಡು. ಮಗುವನ್ನು ಹಿಂದಕ್ಕೆ ಕಳಿಸಲಿಲ್ಲ, ಅರುಳ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಹೇಳುವುದಾದರೆ ಕೃಪೆ. ಆಮೇಲೆ ಒಬ್ಬೊಬ್ಬರಾಗಿ ಹುಡುಗರು ಬಂದರು. ಅವರಿಗೆಂದೇ ಬೇರೆ ಆವರಣವಾಯಿತು. ಹಣಕ್ಕಾಗಿ ಏಮಿ ಯಾರ ಮುಂದೆಯೂ ಕೈ ಚಾಚುತ್ತಿರಲಿಲ್ಲ. ಬೇಕಾದ್ದನ್ನು ದೇವರಲ್ಲಿ ಮಾತ್ರ ಕೇಳಬೇಕು ಎಂಬುದು ಆ ಮನೆಯ ಕಟ್ಟಳೆ. ಕೆಲಸ ಮಾಡುವವರಿಗೆ ಸಂಬಳವೂ ಇರಲಿಲ್ಲ.

ಸುಮಾರು ಎಂಟು ವರ್ಷ ಹುಡುಗರ ಕಡೆಗೆ ತಕ್ಕ ಗಂಡಸರಿಲ್ಲದೆ ಅವರೇ ಹೆಣಗಿದರು. 1926ರಲ್ಲಿ ಗಾಡ್‌ಫ್ರಿ ವೆಬ್-ಪೆಪ್ಲೋ ಎಂಬ ಯುವಕ ಬಂದು ಆ ಹೊಣೆ ಹೊತ್ತರು. ವೈದ್ಯರಾಗಿದ್ದ ಅಣ್ಣ ಮರ್ರೆಯೂ ಬಂದು ಆಸ್ಪತ್ರೆಯ ಕೆಲಸಕ್ಕೆ ನಿಂತರು. ಗಾಡ್‌ಫ್ರಿ 1949ರಲ್ಲಿ ಸಾಯುವವರೆಗೂ ಆ ಹುಡುಗರ ಜತೆಯಲ್ಲೇ ಇದ್ದರು.

ಮನೆಯ ದಿನಚರಿ

ಅದನ್ನು ಅನಾಥಾಲಯ ಎಂದರೆ ಏಮಿಗೆ ಹಿಡಿಸುತ್ತಿರಲಿಲ್ಲ. ಅದು ಮನೆ, ಕುಟುಂಬ. ಹೀಗೆಂದು ಫಲಕ ಬರೆದು ಹಾಕಿದರೆ ಆಗುವ ಕೆಲಸವಲ್ಲ. ಅವರು ಅದನ್ನು ಸಂಬೋಧನೆಯಲ್ಲೇ ತಂದರು. ಏಮಿ ಎಲ್ಲರಿಗೂ ಅಮ್ಮ. ಹೊರದೇಶದಿಂದ ಬಂದ ಹೆಂಗಸರು ಚಿತ್ತಿ, ನಮ್ಮಲ್ಲಿ ಚಿಕ್ಕಮ್ಮ. ಗಂಡಸರು ಅಣ್ಣಾಚ್ಚಿ. ಅಲ್ಲೇ ಬೆಳೆದು ಕಿರಿಯರನ್ನು ನೋಡಿಕೊಳ್ಳುವ ಹುಡುಗಿಯರು ಅಕ್ಕ. ಮಿಸ್, ಮೇಡಂ ಎಂಬ ಮಾತಿಗೆ ಎಡೆಯಿರಲಿಲ್ಲ. ಮಕ್ಕಳಿಗೆ ತಮಿಳು ಹೆಸರು, ಈ ನೆಲದ ಉಡುಪು, ಈ ನೆಲದ ಊಟ. ದೊಡ್ಡವರು ಉಟ್ಟದ್ದೂ ಸೀರೆಯೇ. ಮಕ್ಕಳು ಇಂಗ್ಲಿಷನ್ನೂ ಚೆನ್ನಾಗಿ ಕಲಿತರು. ಆದರೆ ಅವರ ಅಳು, ನಗು, ಜಗಳ, ಜೋಗುಳ ತಮಿಳಿನಲ್ಲಿ ನಡೆದವು.

ದಿನದ ಮೊದಲು ಕೊನೆ ಎರಡೂ ಪ್ರಾರ್ಥನೆ. ನಡುವೆ ಪಾಠ, ಕಸ ಗುಡಿಸುವುದು, ಗಿಡಕ್ಕೆ ನೀರು, ಕಿರಿಯರ ಆರೈಕೆ. ಹಕ್ಕಿ, ಅಳಿಲು, ಹೂವುಗಳನ್ನು ಕುರಿತು ಏಮಿ ಮಕ್ಕಳಿಗಾಗಿ ಹಾಡು ಕಟ್ಟಿದರು. ಹತ್ತಿರದ ಪಶ್ಚಿಮ ಘಟ್ಟದ ಕಾಡಿನಲ್ಲಿ ಸ್ವಲ್ಪ ಜಾಗ ಕೊಂಡು, ಬೇಸಿಗೆಯಲ್ಲಿ ಮಕ್ಕಳನ್ನು ಕರೆದೊಯ್ದು ಹೊಳೆಯಲ್ಲಿ ಈಜು ಕಲಿಸಿದರು. ಸುಳ್ಳನ್ನು ಅವರು ಸಹಿಸುತ್ತಿರಲಿಲ್ಲ. ಆ ವಿಚಾರದಲ್ಲಿ ಬಿಗಿ ಕೈ. ರಾತ್ರಿ ಮಲಗುವ ಮೊದಲು ಪ್ರತಿ ಮಗುವಿಗೂ ಅಮ್ಮನ ಕೈ ತಲೆ ಸವರಬೇಕಿತ್ತು.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಾಗ ಏಮಿ ಸಂಕೋಚದಿಂದ ಕುಗ್ಗಿದರು, ಸಮಾರಂಭಕ್ಕೆ ಹೋಗಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಕಳಕ್ಕಾಡಿನಲ್ಲಿ ಹೊಸ ಕಟ್ಟಡ ನೋಡಲು ಹೋದಾಗ ಕತ್ತಲಲ್ಲಿ ಗುಂಡಿಗೆ ಬಿದ್ದು ಕಾಲು ಮುರಿಯಿತು. ಅಲ್ಲಿಂದ ಸುಮಾರು 20 ವರ್ಷ ಕೋಣೆಯಲ್ಲೇ, ಹೆಚ್ಚಾಗಿ ಹಾಸಿಗೆಯಲ್ಲೇ. ಮಕ್ಕಳೊಡನೆ ಓಡುತ್ತಿದ್ದವರಿಗೆ ಅದು ಎಂಥ ಶಿಕ್ಷೆ. ಆದರೂ ಅಲ್ಲಿಂದಲೇ ಪುಸ್ತಕ ಬರೆದರು, ಮಕ್ಕಳಿಗೆ ಚೀಟಿ ಬರೆದರು. ಮನೆಗೆ ಬಂದ ದಿನದ ಹಬ್ಬದಂದು ಮಗು ಅವರ ಕೋಣೆಗೆ ಹೋಗುತ್ತಿತ್ತು. ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಲ್ಲಿಸುವ ಮದರಾಸಿನ ಕಾಯಿದೆ 1947ರಲ್ಲಿ ಬಂದಾಗ ಅವರಿನ್ನೂ ಬದುಕಿದ್ದರು. ಆ ಕಾಯಿದೆಗೆ ಹೋರಾಡಿದ್ದು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ.

1951ರ ಜನವರಿ 18ರಂದು ಏಮಿ ಕಣ್ಣು ಮುಚ್ಚಿದರು. ಸಮಾಧಿಗೆ ಕಲ್ಲು ಬೇಡವೆಂದಿದ್ದರು. ಮಕ್ಕಳು ಅಲ್ಲಿ ಹಕ್ಕಿಗಳಿಗೆ ನೀರಿನ ಕಲ್ಲುಬಾನಿ ಇಟ್ಟು, ಅದರ ಮೇಲೆ ತಾಯಿ ಎಂಬರ್ಥದ ಒಂದೇ ತಮಿಳು ಪದ ಕೆತ್ತಿಸಿದರು.

ಪೋಷಕರೇ, ಧರ್ಮ ಅವರವರದು. ನಾನು ಈ ಜೀವನವನ್ನು ಓದಿದ್ದು ಮೇಷ್ಟ್ರ ಕಣ್ಣಿನಿಂದ. ಇಂಗ್ಲಿಷನ್ನೇ ಹುಟ್ಟಿನಿಂದ ಆಡಿದ ಹೆಂಗಸು, ಮಕ್ಕಳಿಗೆ ತನ್ನ ಭಾಷೆಯನ್ನು ಹೊದಿಸದೆ, ತಾನೇ ಮಕ್ಕಳ ಭಾಷೆಗೆ ಬಂದರು. ನಮ್ಮಲ್ಲಿ ಕೆಲವರು ಮನೆಯಲ್ಲಿ ಕನ್ನಡ ಆಡುವ ಮಗುವನ್ನು, ನಾಲ್ಕು ಜನರ ಮುಂದೆ ಮಮ್ಮಿ ಎನ್ನು ಎಂದು ತಿದ್ದುವುದನ್ನು ನೋಡಿದ್ದೇನೆ. ಕೂಲಿಗೆಂದು ತಿರುಪ್ಪೂರು, ಮೈಸೂರು ಸೇರಿ ಮಕ್ಕಳನ್ನು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟವರೂ ಇದ್ದಾರೆ. ಅಂಥ ಮಗುವಿಗೆ ಅಜ್ಜಿ, ಚಿಕ್ಕಪ್ಪ, ಅಕ್ಕ ಎಂದು ಕರೆಯಲು ಯಾರಾದರೂ ಹತ್ತಿರ ಇರಬೇಕು, ಕರೆದರೆ ಅದೇ ಭಾಷೆಯಲ್ಲಿ ಓ ಎನ್ನಬೇಕು. ಓದು ಅದರ ಮೇಲೆ ನಿಲ್ಲುತ್ತದೆ.

ನನ್ನ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆಸಿಕೊಂಡ ಮಕ್ಕಳಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಕರೆತರುತ್ತಾರೆ. ಈಗ ಎಲ್ಲರ ಬಳಿಯೂ ಜನನ ಪತ್ರ ಇದೆ. ಆದರೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಮಗು ಮೊದಲ ಸಲ ಶಾಲೆಗೆ ಬಂದ ದಿನವನ್ನು ಮನೆಯಲ್ಲಿ ಬರೆದಿಡಿ. ಪ್ರತಿ ವರ್ಷ ಆ ದಿನ ಒಂದಿಷ್ಟು ಪಾಯಸ ಮಾಡಿ, ಮಗುವನ್ನು ಹತ್ತಿರ ಕೂರಿಸಿಕೊಂಡು, ಆ ವರ್ಷ ಕಲಿತದ್ದನ್ನು ಕನ್ನಡದಲ್ಲಿ ಓದಿಸಿ ಕೇಳಿ.