ಹಕ್ಕಿಗಳ ಬಂಧು ಸಲೀಂ ಅಲಿ

ನವೆಂಬರ್ ತಿಂಗಳು ಬಂದಿತೆಂದರೆ ರಾಯಪುರಂನ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ಸಂಭ್ರಮ. ತಾಯ್ನಾಡಿನ ಹೊಳೆ, ಗುಡ್ಡ, ಗುಡಿಗಳು ಕಣ್ಣ ಮುಂದೆ ಸುಳಿಯುತ್ತವೆ. ಇದೇ ತಿಂಗಳ 12ರಂದು ಜನಿಸಿದ ಮಹನೀಯರೊಬ್ಬರನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಅವರು ಕನ್ನಡಿಗರಲ್ಲ. ಆದರೂ ಕಾವೇರಿಯ ನಡುಗಡ್ಡೆಗಳ ಹಕ್ಕಿಗಳಿಗೆ ಅವರು ಮಾಡಿದ ಉಪಕಾರವನ್ನು ಕನ್ನಡ ನಾಡು ಮರೆಯುವಂತಿಲ್ಲ. ಅವರೇ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ.

1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಲೀಂ ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಅವರನ್ನು ಸಾಕಿದರು. ಬಾಲಕನಿಗೆ ಆಟದ ಬಂದೂಕಿನಿಂದ ಗುಬ್ಬಿ ಹೊಡೆಯುವ ಚಟ. ಒಮ್ಮೆ ಬಿದ್ದ ಗುಬ್ಬಿಯ ಕೊರಳಲ್ಲಿ ಹಳದಿ ಬಣ್ಣವಿತ್ತು. ಅದು ಯಾವ ಜಾತಿಯೆಂದು ಮಾವನಿಗೂ ತಿಳಿಯಲಿಲ್ಲ. ಹುಡುಗ ಅದನ್ನು ಹಿಡಿದು ಮುಂಬಯಿ ನೈಸರ್ಗಿಕ ಇತಿಹಾಸ ಸಂಘದ ಕಾರ್ಯದರ್ಶಿ ಮಿಲಾರ್ಡ್ ಎಂಬ ಆಂಗ್ಲರ ಬಳಿಗೆ ಹೋದ. ಅವರು ಬೀರುಗಳನ್ನು ತೆರೆದು ನೂರಾರು ಹಕ್ಕಿಗಳ ಮಾದರಿಗಳನ್ನು ತೋರಿಸಿದರು. ಕೊಲ್ಲಲು ಹೊರಟಿದ್ದ ಕೈ ಅಂದಿನಿಂದ ಅರಿಯಲು ಹೊರಟಿತು.

ದಾರಿ ಸುಗಮವಾಗಿರಲಿಲ್ಲ. 1914ರಲ್ಲಿ ಕುಟುಂಬದ ವ್ಯವಹಾರಕ್ಕೆಂದು ಬರ್ಮಾಕ್ಕೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಅವರ ಮನಸ್ಸನ್ನು ಸೆಳೆದವು. ವಿಶ್ವವಿದ್ಯಾಲಯದ ಪದವಿಯಿಲ್ಲವೆಂದು ಸರ್ಕಾರಿ ಹುದ್ದೆ ಕೈತಪ್ಪಿತು. ಬರ್ಲಿನ್‌ಗೆ ಹೋಗಿ ಸ್ಟ್ರೆಸೆಮನ್ ಎಂಬ ವಿದ್ವಾಂಸರ ಬಳಿ ಕಲಿತು 1930ರಲ್ಲಿ ಮರಳಿದಾಗ, ವಸ್ತು ಸಂಗ್ರಹಾಲಯದಲ್ಲಿದ್ದ ನೌಕರಿಯೂ ಹೋಗಿತ್ತು. ಪತ್ನಿ ತೆಹಮಿನಾರೊಡನೆ ಸಮುದ್ರ ತೀರದ ಕಿಹಿಂ ಗ್ರಾಮಕ್ಕೆ ಹೋಗಿ ನೆಲೆಸಿದರು. ನಿರುದ್ಯೋಗದ ಆ ದಿನಗಳಲ್ಲಿಯೇ ಗೀಜಗನ ಬಾಳನ್ನು ಪರೀಕ್ಷಿಸಿದರು. ಗಂಡು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಬಳಿಕ ಇನ್ನೊಂದು ಗೂಡಿಗೆ ತೊಡಗುತ್ತದೆ. ಈ ಸಂಗತಿಗಳನ್ನು ಅವರು ಬರೆದು ಪ್ರಕಟಿಸಿದಾಗ ವಿದ್ವಾಂಸರು ಮೆಚ್ಚಿದರು.

1939ರಲ್ಲಿ ತೆಹಮಿನಾ ಶಸ್ತ್ರಚಿಕಿತ್ಸೆಯ ತರುವಾಯ ತೀರಿಕೊಂಡರು. ಕಾಡು ಮೇಡುಗಳಲ್ಲಿ ಜೊತೆಯಾಗಿದ್ದ ಜೀವ ಇಲ್ಲವಾಯಿತು. ಆ ದುಃಖದಲ್ಲಿಯೂ ಕೆಲಸ ನಿಲ್ಲಲಿಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿ, ಹಳೆಯ ಅಣೆಕಟ್ಟೆಯಿಂದಾದ ಪುಟ್ಟ ನಡುಗಡ್ಡೆಗಳಲ್ಲಿ ಬಾಯಿಕಳಕ, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತಿದ್ದವು. ಮರ ಕಡಿದರೆ, ಬಂದೂಕಿನ ಸದ್ದಾದರೆ ಅವು ಮತ್ತೆ ಬಾರವು. ಆದ್ದರಿಂದ ಆ ತಾಣವನ್ನು ರಕ್ಷಿಸಬೇಕೆಂದು ಸಂಸ್ಥಾನವನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರಕಿತು.

1941ರಲ್ಲಿ ಹೊರಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯರಿಗೂ ಹಕ್ಕಿ ಗುರುತಿಸುವುದನ್ನು ಕಲಿಸಿತು. ರಿಪ್ಲಿಯವರೊಡನೆ ಬರೆದ ಕೈಪಿಡಿ 10 ಸಂಪುಟಗಳಾಗಿ 1968ರಿಂದ 1974ರವರೆಗೆ ಪ್ರಕಟವಾಯಿತು. 1976ರಲ್ಲಿ ಪದ್ಮವಿಭೂಷಣ ಬಂದಿತು. ಗೆಟ್ಟಿ ಪ್ರಶಸ್ತಿಯ ಹಣವನ್ನು ನಿಸರ್ಗ ರಕ್ಷಣೆಯ ನಿಧಿಗೇ ಒಪ್ಪಿಸಿದರು. 1987ರ ಜೂನ್ 20ರಂದು, ತೊಂಬತ್ತು ತುಂಬಿದ ಆ ಹಿರಿಯರು ಕಣ್ಮುಚ್ಚಿದರು.

ಪಕ್ಷಿಧಾಮವೆಂದು ಹಲಗೆ ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುವುದುಂಟು. ಕಾವಲು ಎಂದೆಂದಿಗೂ ಬೇಕು.

ಹೊಟ್ಟೆಪಾಡಿಗಾಗಿ ಕಡಲ ತೀರಕ್ಕೆ ವಲಸೆ ಬಂದ ನಾವು ವಲಸೆಹಕ್ಕಿಯ ಪಾಡನ್ನು ಬಲ್ಲೆವು. ಇಲ್ಲಿನ ನಮ್ಮ ಮಕ್ಕಳು ಕಾಗೆ, ಹದ್ದುಗಳನ್ನು ದಿನವೂ ಕಾಣುತ್ತಾರೆ. ಗೀಜಗ, ಹೆಜ್ಜಾರ್ಲೆ ಎಂಬ ಕನ್ನಡದ ಹೆಸರುಗಳನ್ನು ಎಷ್ಟು ಮಂದಿ ಬಲ್ಲರು? ಚಳಿಗಾಲದಲ್ಲೊಮ್ಮೆ ಅವರನ್ನು ಹತ್ತಿರದ ವೇಡಂತಾಂಗಲ್‌ಗೆ ಕರೆದೊಯ್ಯೋಣ. ಊರಿಗೆ ಹೋದಾಗ ರಂಗನತಿಟ್ಟಿನಲ್ಲಿ ಒಂದು ಗಳಿಗೆ ನಿಲ್ಲೋಣ. ಹೆಸರು ತಿಳಿದ ಹಕ್ಕಿಗೆ ಕಲ್ಲೆಸೆಯಲು ಮಕ್ಕಳ ಕೈ ಏಳದು. ಹಳದಿ ಕೊರಳಿನ ಗುಬ್ಬಿ ಒಬ್ಬ ಬಾಲಕನಿಗೆ ಕಲಿಸಿದ ಪಾಠವೂ ಇದೇ ಅಲ್ಲವೆ?